ಮನೆಯ ಸದ್ದು: ಮೂಲ ಹುಡುಕಿ, ಅಲ್ಲೇ ತಗ್ಗಿಸಿ

ಮನೆಯೊಳಗಿನ ಗದ್ದಲ ಸಹಿಸಲಾಗದು ಎನಿಸಿದಾಗ ಹೆಚ್ಚಿನವರು ಮೊದಲು ಕೊಳ್ಳುವುದು ದಪ್ಪ ಪರದೆ, ಇಲ್ಲವೇ ಗೋಡೆಗೆ ಅಂಟಿಸುವ ಫೋಮ್. ಇವು ಮುಖ್ಯವಾಗಿ ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತವೆ. ಹೊರಗಿನಿಂದ ನುಗ್ಗುವ ಸದ್ದನ್ನು ತಡೆಯಲು ತೂಕವಿರುವ ವಸ್ತು ಬೇಕು, ಸಂದಿಯಿಲ್ಲದ ಜೋಡಣೆ ಬೇಕು. ಆದ್ದರಿಂದ ದುಡ್ಡು ಹಾಕುವ ಮುನ್ನ ಸದ್ದು ಎಲ್ಲಿ ಹುಟ್ಟುತ್ತಿದೆ, ಯಾವ ದಾರಿಯಲ್ಲಿ ಬರುತ್ತಿದೆ ಎಂದು ಪತ್ತೆಹಚ್ಚಿ.

ಮೊದಲು ಅಳೆಯಿರಿ. ರಾತ್ರಿ ಯಂತ್ರಗಳನ್ನೆಲ್ಲ ಆಫ್ ಮಾಡಿ, ಡೆಸಿಬಲ್ ಅಳೆಯುವ ಆ್ಯಪ್ ತೆರೆದ ಫೋನನ್ನು ಹಾಸಿಗೆಯ ಪಕ್ಕ ಒಂದು ನಿಮಿಷ ಇಡಿ. ಬಂದ ಅಂಕಿ ಬರೆದುಕೊಂಡು, ಫೋನಿನ ಜಾಗ ಬದಲಿಸದೆ ಫ್ಯಾನ್, ಫ್ರಿಜ್, ವಾಷಿಂಗ್ ಮೆಷಿನ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಫೋನಿನ ಅಂಕಿ ನಿಖರವಲ್ಲ, ಹೋಲಿಕೆಗೆ ಸಾಕು. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಹಾಗಾಗಿ ಎಲ್ಲಕ್ಕಿಂತ ಜೋರಾದದ್ದನ್ನು ಬಿಟ್ಟು ಸಣ್ಣಪುಟ್ಟವನ್ನು ಸರಿಪಡಿಸಿದರೆ ವ್ಯತ್ಯಾಸವೇ ಗೊತ್ತಾಗದು. ಮಲಗುವ ಕೋಣೆಯ ನಿರಂತರ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ.

ಅಂಗೈ ಇಟ್ಟು ನೋಡಿ. ಯಂತ್ರ ಓಡುವಾಗ ಪಕ್ಕದ ಗೋಡೆ, ನೆಲ, ಕಪಾಟಿನ ಮೇಲೆ ಅಂಗೈ ಒತ್ತಿ. ನಡುಕ ತಾಗಿದರೆ, ಒತ್ತಿದೊಡನೆ ಗುಂಯ್‌ಗುಡುವುದು ತಗ್ಗಿದರೆ, ಸದ್ದು ಗಾಳಿಯಲ್ಲಷ್ಟೇ ಅಲ್ಲ, ಕಟ್ಟಡದ ಮೂಲಕವೂ ಹರಿಯುತ್ತಿದೆ ಎಂದರ್ಥ. ಫ್ರಿಜ್ ಗೋಡೆಗೆ ತಾಗಿದ್ದರೆ ನಾಲ್ಕು ಬೆರಳಷ್ಟು ಮುಂದೆ ಎಳೆಯಿರಿ. ಎಷ್ಟೋ ಮನೆಗಳಲ್ಲಿ ರಾತ್ರಿಯ ಗುಂಯ್ ಅಲ್ಲಿಗೇ ಮುಗಿಯುತ್ತದೆ.

ವಾಷಿಂಗ್ ಮೆಷಿನ್. ಇದಕ್ಕೆ ತಾಳ್ಮೆ ಬೇಕು. ಸ್ಪಿನ್ ಆಗುವಾಗ ಮೆಷಿನ್ ಕುಣಿದರೆ ಮೊದಲು ಒಂದು ಸುತ್ತು ಬಟ್ಟೆಯಿಲ್ಲದೆ ಓಡಿಸಿ. ಆಗ ಸುಮ್ಮನಿದ್ದರೆ ತಪ್ಪು ಬಟ್ಟೆ ತುಂಬಿದ್ದರಲ್ಲಿದೆ: ಒಂದೇ ದಪ್ಪ ಹೊದಿಕೆ ನೀರು ಕುಡಿದು ಡ್ರಮ್ಮಿನ ಒಂದು ಬದಿಗೆ ಮುದ್ದೆಯಾಗುತ್ತದೆ, ಜೊತೆಗೆ ಒಂದೆರಡು ಟವಲ್ ಹಾಕಿದರೆ ಭಾರ ಹಂಚಿಕೆಯಾಗುತ್ತದೆ. ಖಾಲಿಯಿದ್ದರೂ ಕುಣಿದರೆ ಮೇಲಿನ ಎದುರುಬದುರು ಮೂಲೆಗಳನ್ನು ಒತ್ತಿ ನೋಡಿ. ಅಲುಗಿದರೆ ಒಂದು ಕಾಲು ನೆಲಕ್ಕೆ ಊರಿಲ್ಲ. ಕಾಲನ್ನು ತಿರುಗಿಸಿ ಮಟ್ಟ ಮಾಡಿ, ಅದು ಮತ್ತೆ ತಿರುಗದಂತೆ ಹಿಡಿಯುವ ಲಾಕ್‌ನಟ್ ಬಿಗಿಮಾಡಿ. ಅದನ್ನು ಬಿಟ್ಟರೆ ನಡುಕಕ್ಕೆ ಕಾಲು ಮತ್ತೆ ತಿರುಗುತ್ತದೆ. ಮುಂದೆ ಬಾಗಿಲಿರುವ (ಫ್ರಂಟ್ ಲೋಡ್) ಹೊಸ ಮೆಷಿನ್ ಆದರೆ, ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂಭಾಗದಲ್ಲಿ ಹಾಕಿರುವ ಸಾಗಣೆ ಬೋಲ್ಟುಗಳನ್ನು ತೆಗೆದಿದ್ದಾರೆಯೇ ನೋಡಿ. ಅವು ಉಳಿದರೆ ಡ್ರಮ್ಮಿನ ಸ್ಪ್ರಿಂಗುಗಳು ಕೆಲಸ ಮಾಡಲಾರವು, ಮೆಷಿನ್ನೂ ಹಾಳಾಗುತ್ತದೆ. ಇಷ್ಟಾದ ಮೇಲೆ ಮಾತ್ರ ಕಾಲಡಿಗೆ ರಬ್ಬರ್ ಪ್ಯಾಡ್ ಇಡಿ.

ಮಿಕ್ಸಿಯಡಿ ಮಡಚಿದ ಟವಲ್ ಇಡುವವರಿದ್ದಾರೆ. ಹಲವು ಮಿಕ್ಸಿಗಳಿಗೆ ಗಾಳಿಕಿಂಡಿ ತಳದಲ್ಲೇ ಇರುತ್ತದೆ, ಬಟ್ಟೆ ಅದನ್ನು ಮುಚ್ಚಿ ಮೋಟಾರ್ ಕಾಯುತ್ತದೆ. ಸವೆದ ರಬ್ಬರ್ ಕಾಲುಗಳನ್ನು ಬದಲಿಸಿ, ಗೋಡೆಯಿಂದ ದೂರ ಇಟ್ಟು ಬಳಸಿ. ಫ್ಯಾನ್ ಕಟಕಟ ಎಂದರೆ ಸ್ವಿಚ್ ಆಫ್ ಮಾಡಿ, ರೆಕ್ಕೆಗಳ ಧೂಳು ಒರೆಸಿ, ಸ್ಕ್ರೂ ಬಿಗಿಮಾಡಿ.

ಬೀದಿಯ ಸದ್ದಿಗೆ ಕಿಟಕಿ. ಹಾರ್ನ್, ಎಂಜಿನ್, ಧ್ವನಿವರ್ಧಕಗಳ ಸದ್ದು ಹೆಚ್ಚಾಗಿ ಒಳಬರುವುದು ಸಂದಿಗಳಿಂದ. ಕಾಗದದ ಪಟ್ಟಿಯೊಂದನ್ನು ಚೌಕಟ್ಟಿಗೆ ಸಿಕ್ಕಿಸಿ ಕಿಟಕಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದ ಕಡೆಯೆಲ್ಲ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲಡಿಯ ಸಂದಿಗೂ ಒಂದು ಹಾಕಿಸಿ. ಗ್ಯಾಸ್ ಉರಿಯುವ ಕೋಣೆಯ ಗಾಳಿಕಿಂಡಿಗಳನ್ನು ಮಾತ್ರ ಎಂದೂ ಮುಚ್ಚಬೇಡಿ.

ಇಯರ್‌ಫೋನ್. ಹೊರಗಿನ ಸದ್ದು ಮುಚ್ಚಲು ವಾಲ್ಯೂಮ್ ಏರಿಸುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ವಯಸ್ಕರಿಗೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಅಂದರೆ 89ರಲ್ಲಿ ವಾರಕ್ಕೆ ಬರೀ ಐದು ಗಂಟೆ. ಕಿವಿಯೊಳಗೆ ಗುಂಯ್‌ಗುಡುವುದು, ಕಿವಿ ಮುಚ್ಚಿದಂತೆನಿಸುವುದು ಮರುದಿನಕ್ಕೂ ಉಳಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.