ನೆಟ್‌ವರ್ಕ್‌ನಿಂದ ಬೂಟ್ ಆಗದ ರೌಟರ್: ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ನಾನು ರೌಟರ್ ರಿಪೇರಿ ಮಾಡುತ್ತೇನೆ. ಫರ್ಮ್‌ವೇರ್ (ರೌಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ನಡೆದಿರುವಾಗಲೇ ಕರೆಂಟ್ ಹೋಗಿ ಕೆಟ್ಟ ರೌಟರ್‌ಗಳು ಹುನಗುಂದ, ಇಳಕಲ್ ಕಡೆಯಿಂದಲೂ ಬರುತ್ತವೆ. ಪವರ್ ಕೊಟ್ಟೊಡನೆ ಮೊದಲು ಓಡುವ ಚಿಕ್ಕ ಪ್ರೋಗ್ರಾಮಾದ ಬೂಟ್‌ಲೋಡರ್ ಉಳಿದಿದ್ದರೆ ಲ್ಯಾಪ್‌ಟಾಪ್‌ನಿಂದ ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ವಿಧಾನದ ಮೂಲಕ ಫೈಲ್ ಕೊಟ್ಟು ಅವುಗಳನ್ನು ಎಬ್ಬಿಸಬಹುದು. ಹಾಗೆ ಮಾಡಿಯೂ ಏಳದಿದ್ದರೆ ಬೋರ್ಡ್ ಸತ್ತಿದೆ ಎಂದು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ; ರೌಟರ್ ಮತ್ತು ಲ್ಯಾಪ್‌ಟಾಪ್ ನಡುವಿನ ಮಾತುಕತೆ ಎಲ್ಲಿ ನಿಂತಿತೆಂದು ಮೊದಲು ಕಣ್ಣಾರೆ ನೋಡಬೇಕು.

ಲ್ಯಾಪ್‌ಟಾಪ್‌ನಲ್ಲಿ, ನೆಟ್‌ವರ್ಕ್‌ನಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ತೋರಿಸುವ ವೈರ್‌ಶಾರ್ಕ್ ಚಾಲೂ ಮಾಡಿದ ಮೇಲೆಯೇ ನಾನು ರಿಸೆಟ್ ಗುಂಡಿ ಒತ್ತಿಹಿಡಿದು ರೌಟರ್‌ಗೆ ಪವರ್ ಕೊಡುತ್ತೇನೆ. ಮೈಕ್ರೋಟಿಕ್ ರೌಟರ್‌ಗಳು ನೆಟ್‌ವರ್ಕ್ ವಿಳಾಸ ಹಂಚುವ ಬೂಟ್‌ಪಿ ಅಥವಾ ಡಿಎಚ್‌ಸಿಪಿಯಿಂದ ವಿಳಾಸ ಕೇಳುತ್ತವೆ. ಟಿಪಿ-ಲಿಂಕ್‌ನ ಹಲವು ಮಾದರಿಗಳು ನೇರವಾಗಿ 192.168.0.66 ವಿಳಾಸದಲ್ಲಿ ರಿಕವರಿ ಫೈಲನ್ನು ಹುಡುಕುತ್ತವೆ. ಮಾದರಿಯ ವಿವರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ‘ಈ ವಿಳಾಸ ಯಾರದು’ ಎಂದು ಕೇಳುವ ಎಆರ್‌ಪಿ ಪ್ರಶ್ನೆ ಯಾವ ವಿಳಾಸಕ್ಕಾಗಿ ಬರುತ್ತಿದೆಯೋ ಅದನ್ನೇ ಲ್ಯಾಪ್‌ಟಾಪ್‌ಗೆ ಕೊಟ್ಟರಾಯಿತು.

ಒಂದೂ ಪ್ಯಾಕೆಟ್ ಕಾಣದಿದ್ದರೆ ನನ್ನ ಮೊದಲ ಅನುಮಾನ ಕೇಬಲ್ ಜೋಡಣೆಯ ಮೇಲೆ. ರೌಟರನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ, ಅದು ಆಫ್ ಆಗಿ ಆನ್ ಆಗುವಷ್ಟರಲ್ಲಿ ಲ್ಯಾಪ್‌ಟಾಪ್‌ನ ಲಿಂಕ್ ಕಡಿದು ಮತ್ತೆ ಸೇರಬೇಕಾಗುತ್ತದೆ, ಅಷ್ಟರೊಳಗೆ ಬೂಟ್‌ಲೋಡರ್ ಕಾಯುವ ಕೆಲವೇ ಸೆಕೆಂಡುಗಳು ಮುಗಿದಿರುತ್ತವೆ. ನಡುವೆ ಒಂದು ಸಾದಾ ಸ್ವಿಚ್ ಇಟ್ಟರೆ ಲ್ಯಾಪ್‌ಟಾಪ್‌ನ ಲಿಂಕ್ ಕಡಿಯುವುದೇ ಇಲ್ಲ. ಸೆಟ್ಟಿಂಗ್‌ಗಳಿರುವ ಮ್ಯಾನೇಜ್ಡ್ ಸ್ವಿಚ್ ಮಾತ್ರ ಬೇಡ: ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ಕಾಯುವ ಸ್ಪ್ಯಾನಿಂಗ್ ಟ್ರೀಯ ಮೂಲ ಸೆಟ್ಟಿಂಗ್‌ನಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡು ಹಿಡಿಯುತ್ತದೆ.

ಫೈಲ್ ಕೇಳುವ ಪ್ಯಾಕೆಟ್ ಬಂದರೂ ಉತ್ತರ ಹೋಗದಿರುವುದು ಇನ್ನೊಂದು ಬಗೆ. ಇಲ್ಲಿ ವೈರ್‌ಶಾರ್ಕ್‌ನಲ್ಲಿ ಬೇಕಾದ ಪ್ಯಾಕೆಟ್‌ಗಳನ್ನಷ್ಟೇ ತೋರಿಸುವ ಫಿಲ್ಟರ್ ಬಗ್ಗೆ ಎಚ್ಚರ ಬೇಕು. ಟಿಎಫ್‌ಟಿಪಿಯಲ್ಲಿ ಮೊದಲ ಕೋರಿಕೆ ಮಾತ್ರ ಯುಡಿಪಿ 69ನೇ ಪೋರ್ಟ್‌ಗೆ (ಇದು ಕೇಬಲ್ ಕಿಂಡಿಯಲ್ಲ, ಸೇವೆಯನ್ನು ಗುರುತಿಸುವ ಸಂಖ್ಯೆ) ಬರುತ್ತದೆ, ಸರ್ವರ್, ಅಂದರೆ ಫೈಲ್ ಕೊಡುವ ಲ್ಯಾಪ್‌ಟಾಪ್, ಬೇರೊಂದು ಪೋರ್ಟ್‌ನಿಂದ ಉತ್ತರಿಸುತ್ತದೆ. ಆದ್ದರಿಂದ 69ನ್ನಷ್ಟೇ ಸೋಸಿ ನೋಡುವವರಿಗೆ, ಫೈಲ್ ಸರಿಯಾಗಿ ಹೋಗುತ್ತಿದ್ದರೂ ಸರ್ವರ್ ಸುಮ್ಮನಿದ್ದಂತೆ ಕಾಣುತ್ತದೆ. ರೌಟರ್‌ನ ವಿಳಾಸದ ಮೇಲೆ ಸೋಸಿದಾಗಲೂ ಉತ್ತರ ಕಾಣದಿದ್ದರೆ, ಹೆಚ್ಚಾಗಿ ವಿಂಡೋಸ್ ಫೈರ್‌ವಾಲ್ ಈ ಗುರುತಿಲ್ಲದ ನೆಟ್‌ವರ್ಕನ್ನು ಪಬ್ಲಿಕ್ ಎಂದು ಪರಿಗಣಿಸಿ ಕೋರಿಕೆಯನ್ನು ತಡೆದಿರುತ್ತದೆ. ಫೈಲ್ ಸಿಗಲಿಲ್ಲವೆಂಬ ಉತ್ತರ ಹೋಗುತ್ತಿದ್ದರೆ, ರೌಟರ್ ಕೇಳಿದ ಹೆಸರನ್ನು ಆ ಪ್ಯಾಕೆಟ್‌ನಲ್ಲೇ ಓದಿ ಫೈಲಿಗೆ ಅದೇ ಹೆಸರಿಡಬೇಕು.

ಇಷ್ಟಾದರೂ ತಿಳಿಯದಿದ್ದರೆ ಬೂಟ್‌ಲೋಡರ್‌ನ ಸಂದೇಶಗಳನ್ನು ತಂತಿಯ ಮೂಲಕ ತೋರಿಸುವ ಸೀರಿಯಲ್ ಕನ್ಸೋಲ್ ಜೋಡಿಸುತ್ತೇನೆ. 3.3 ವೋಲ್ಟ್‌ನ ಯುಎಸ್‌ಬಿ ಅಡಾಪ್ಟರ್‌ನಿಂದ ಗ್ರೌಂಡ್, ಟಿಎಕ್ಸ್ (ಕಳಿಸುವ), ಆರ್‌ಎಕ್ಸ್ (ಪಡೆಯುವ) ತಂತಿಗಳು ಸಾಕು, ಪವರ್ ತಂತಿಯನ್ನು ಜೋಡಿಸಬಾರದು. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್ ಇರುತ್ತದೆ. ಯು-ಬೂಟ್ ಎಂಬ ಬೂಟ್‌ಲೋಡರ್, ಡೇಟಾ ಬಂದಂತೆ ಹ್ಯಾಷ್ (#) ಗುರುತುಗಳನ್ನೂ, ಕಾದು ಬರದಿದ್ದಾಗ ‘ಟಿ’ ಅಕ್ಷರವನ್ನೂ ಮೂಡಿಸುತ್ತದೆ.

ರೌಟರ್‌ಗಳಿಗೆಂದೇ ಇರುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ, ರ‍್ಯಾಮ್‌ನಿಂದಲೇ ಓಡುವ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಓಡಿತೆಂದರೆ ಅದಿನ್ನೂ ರ‍್ಯಾಮ್‌ನಲ್ಲಷ್ಟೇ ಇರುತ್ತದೆ. ವೈ-ಫೈ ರೇಡಿಯೋದ ಕ್ಯಾಲಿಬ್ರೇಷನ್ (ಹೊಂದಾಣಿಕೆಯ ಅಂಕಿಗಳು) ಇರುವ ಭಾಗದ ಒಂದು ನಕಲನ್ನು ಲ್ಯಾಪ್‌ಟಾಪ್‌ಗೆ ತೆಗೆದುಕೊಂಡು, ಸಿಸ್‌ಅಪ್‌ಗ್ರೇಡ್ ಎಂಬ ಆದೇಶದಿಂದ ಕಾಯಂ ನೆನಪಾದ ಫ್ಲ್ಯಾಶ್‌ಗೆ ಬರೆದು ಮುಗಿಯುವವರೆಗೆ ನಾನು ಪವರ್ ತೆಗೆಯುವುದಿಲ್ಲ. ಆ ಹೊತ್ತಿಗೆ ರೌಟರ್ ಯುಪಿಎಸ್ ಮೇಲಿರುತ್ತದೆ.