ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಹಾಡು ಕೇಳುವವರನ್ನು ಕೇಳಿ

ಮ್ಯೂಸಿಕ್ ವಿಡಿಯೋ ಶೂಟ್ ಮಾಡುವುದು ನನ್ನ ಕೆಲಸ. ಮೆಟಲ್, ಪಂಕ್, ಹಿಪ್ ಹಾಪ್ ಹಾಡುಗಳೇ ಜಾಸ್ತಿ. ಹಾಡು ಕೈಗೆ ಬಂದ ಮೇಲೆ ಮೊದಲು ಲೊಕೇಶನ್ ಹುಡುಕುವುದಿಲ್ಲ, ಆ ಬಗೆಯ ಹಾಡಿನ ಅಭಿಮಾನಿಗಳು ಸೇರುವ ಕಡೆ ಕ್ಯಾಮೆರಾ ಇಲ್ಲದೆ ಹೋಗಿ ಸುಮ್ನೆ ಅವರ ಮಧ್ಯೆ ನಿಲ್ಲುತ್ತೇನೆ. ಅರ್ಧ ಸ್ಕ್ರಿಪ್ಟ್ ಅಲ್ಲೇ ಸಿಗುತ್ತದೆ.

ಪಂಕ್ ಶೋನ ಮಾಶ್ ಪಿಟ್ಟನ್ನೇ ತಗೊಳ್ಳಿ, ವೇದಿಕೆ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗ. ದೂರದಿಂದ ನೋಡಿದರೆ ಬರೀ ನೂಕಾಟ. ಒಳಗೆ ನಿಂತರೆ ಗೊತ್ತಾಗುತ್ತದೆ, ಯಾರಾದರೂ ಬಿದ್ದರೆ ಸುತ್ತಲಿನವರು ತಕ್ಷಣ ತೋಳು ಹಿಡಿದು ಎತ್ತಿ ನಿಲ್ಲಿಸುತ್ತಾರೆ, ಆಮೇಲೆ ಮತ್ತೆ ನೂಕಾಟ. ಅದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಚಿಕ್ಕ ಕ್ಯಾಮೆರಾಗೆ ವೈಡ್ ಲೆನ್ಸ್ ಹಾಕಿ, ಎದೆಗೆ ಒತ್ತಿ ಹಿಡಿದು ಒಳಗೇ ಹೋಗುತ್ತೇನೆ, ಎತ್ತುವ ಆ ಕೈಗಾಗಿ ಕಾಯುತ್ತೇನೆ. ಕ್ರೇನ್ ಶಾಟ್‌ನಲ್ಲಿ ಅದು ಸಿಗಲ್ಲ.

ಹಿಪ್ ಹಾಪ್‌ನಲ್ಲಿ ಎಡಿಟಿಂಗೇ ಬೇರೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನಲ್ಲಿ ಹೆಚ್ಚಾಗಿ ಡ್ರಮ್ ಮಾತ್ರ ಕೇಳುವ ಚಿಕ್ಕ ತುಂಡನ್ನು, ಅಂದರೆ ‘ಬ್ರೇಕ್’ ಅನ್ನು, ಹಿಡಿದುಕೊಂಡರು. ಆಮೇಲೆ ಅದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನು ಉದ್ದಕ್ಕೆ ಎಳೆದರು, ಕುಣಿಯುವವರು ಕಾಯುತ್ತಿದ್ದದ್ದೇ ಅದಕ್ಕೆ. ಅದಕ್ಕೇ ಬ್ರೇಕಿಂಗ್ ಮಾಡುವವರನ್ನು, ಅಂದರೆ ಆ ಬ್ರೇಕ್‌ಗೆ ಕುಣಿಯುವವರನ್ನು, ಅಡಿಯಿಂದ ಮುಡಿಯವರೆಗೆ ಫ್ರೇಮಿನಲ್ಲಿ ಇಡುತ್ತೇನೆ, ಒಂದು ವರಸೆ ಮುಗಿಯುವ ತನಕ ಕಟ್ ಮಾಡುವುದಿಲ್ಲ. ಮಧ್ಯೆ ಕಟ್ ಬಿದ್ದರೆ ಅವರು ಅದನ್ನು ನಿಜಕ್ಕೂ ಮಾಡಿದರಾ ಅನ್ನೋ ಅನುಮಾನ ಬರುತ್ತದೆ, ಅಲ್ವಾ?

ರ‍್ಯಾಪ್ ಹಾಡಿಗೆ ಸ್ಲೋ ಮೋಷನ್ ಬೇಕಾದರೆ ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿಸುತ್ತೇನೆ. ಹಾಡುವವರು ಆ ವೇಗಕ್ಕೇ ತುಟಿ ಆಡಿಸಬೇಕು, ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್. ಅದನ್ನು 24ರಲ್ಲಿ ಓಡಿಸಿದರೆ ಕೈ, ಬಟ್ಟೆ, ನಡಿಗೆ ಎಲ್ಲ ತೇಲುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ವೇಗದ ರ‍್ಯಾಪ್ ಆದರೆ ಕಷ್ಟ, ಮೊದಲೇ ಅಭ್ಯಾಸ ಮಾಡಿಸಿ.

ಮೆಟಲ್‌ನಲ್ಲಿ ಹೆಡ್‌ಬ್ಯಾಂಗಿಂಗ್‌ಗೆ, ಅಂದರೆ ಬೀಟ್‌ಗೆ ತಲೆ ಜೋರಾಗಿ ಆಡಿಸುವುದಕ್ಕೆ, ಸ್ಲೋ ಮೋಷನ್ ಬಳಸುವುದೇ ಇಲ್ಲ. ಕೂದಲು ಹಾರುವುದು ಚೆಂದ ಕಾಣುತ್ತದೆ, ಆದರೆ ಕತ್ತು ಬೀಟ್ ಮೇಲೆ ಬೀಳುವುದಿಲ್ಲ, ರಿಫ್‌ನ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ, ಭಾರವೆಲ್ಲ ಸೋರಿ ಹೋಗುತ್ತದೆ. ಗಿಟಾರ್ ಮೇಲಿನ ಬೆರಳೂ ಅಷ್ಟೇ. ನೋಡುವವರಲ್ಲಿ ಎಷ್ಟೋ ಜನ ತಾವೇ ನುಡಿಸುವವರು, ಬೇರೆ ರಿಫ್‌ನ ಶಾಟ್ ತಂದು ಅಂಟಿಸಿದರೆ ಹಿಡಿದೇ ಹಿಡಿಯುತ್ತಾರೆ.

ಬಟ್ಟೆಯ ವಿಷಯಕ್ಕೆ ಬಂದರೆ, ಮೆಟಲ್ ಅಭಿಮಾನಿಗಳ ಬ್ಯಾಟಲ್ ಜಾಕೆಟ್ ಗೊತ್ತಲ್ಲ, ತೋಳಿಲ್ಲದ ಡೆನಿಮ್ ಮೇಲೆ ಬ್ಯಾಂಡ್ ಪ್ಯಾಚ್‌ಗಳನ್ನು ಹೊಲಿದುಕೊಂಡಿರುತ್ತಾರೆ. ಹೊಲಿಗೆ ಸೊಟ್ಟ, ಅಂಚು ಸವೆದಿರುತ್ತದೆ, ವರ್ಷಗಟ್ಟಲೆ ಒಂದೊಂದಾಗಿ ಸೇರಿದ್ದು. ಅಂಥದ್ದನ್ನು ಹೊಸದಾಗಿ ಮಾಡಿಸಿ ನಟರಿಗೆ ತೊಡಿಸಲು ನನಗೆ ಮನಸ್ಸು ಬರಲ್ಲ. ಅಭಿಮಾನಿಗಳನ್ನೇ ಕರೆದು ಅವರದೇ ಜಾಕೆಟ್‌ನಲ್ಲಿ ನಿಲ್ಲಿಸುತ್ತೇನೆ. ಬೇರೆ ಬ್ಯಾಂಡ್‌ಗಳ ಲೋಗೋ ಕಾಣುತ್ತದೆ, ಬ್ಲರ್ ಮಾಡಿ ಅಂತ ಕೆಲವೊಮ್ಮೆ ಹಾಡು ಬಿಡುಗಡೆ ಮಾಡುವ ಕಂಪನಿ (ಲೇಬಲ್) ಕಡೆಯಿಂದ ಬರುತ್ತದೆ. ಬ್ಲರ್ ಮಾಡಿದರೆ ಆ ಮನುಷ್ಯನನ್ನೇ ಅಳಿಸಿದ ಹಾಗೆ. ಅದಕ್ಕೆ ಎದುರಿನಿಂದ ಒಂದು, ಲೋಗೋ ಅಷ್ಟಾಗಿ ಕಾಣದ ಹಾಗೆ ಪಕ್ಕದಿಂದ ಒಂದು ಶಾಟ್ ಯಾವಾಗಲೂ ತೆಗೆದಿಟ್ಟುಕೊಳ್ಳುತ್ತೇನೆ.