ರಾಜರು ಹತ್ತಿದ ದಾರಿಯನ್ನು ಇಳಿಯುತ್ತಾ: ಪ್ರಾಗ್‌ನಲ್ಲಿ ಒಂದು ದಿನ

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಒಂದು ದಿನ ಸಾಕೇ ಎಂದು ಕೇಳಿದವರಿಗೆಲ್ಲ ಸಾಲದು, ಎರಡು ರಾತ್ರಿ ಉಳಿಯಿರಿ ಎಂದೇ ಹೇಳುತ್ತೇನೆ. ಆದರೆ ನಾವಿರುವುದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಎಲ್ಬ್ ನದಿಯ ಕಣಿವೆಯನ್ನು ಹಿಡಿದು ಹೋಗುವ ರೈಲು ಸುಮಾರು ಎರಡೂವರೆ ಗಂಟೆಯಲ್ಲಿ ಪ್ರಾಗ್ ತಲುಪಿಸುತ್ತದೆ. ಊರಿನಿಂದ ಅತ್ತೆ, ಮಾವ, ಅಪ್ಪ, ಅಮ್ಮ ಯಾರೇ ಬರಲಿ, ‘ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ’ ಎಂಬ ಮಾತು ಬಂದೇ ಬರುತ್ತದೆ. ಹಾಗಾಗಿ ಆ ಒಂದು ದಿನವನ್ನು ಹೊಂದಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ ಆಗಿಹೋಗಿದೆ.

ನೋಡಬೇಕಾದ ಜಾಗಗಳ ಪಟ್ಟಿಯನ್ನು ನಾನು ಕೊನೆಗೆ ಮಾಡುತ್ತೇನೆ. ಮೊದಲು ನೋಡುವುದು ನೆಲದ ಏರಿಳಿತವನ್ನು. ಪ್ರಾಗ್‌ನ ಮಧ್ಯೆ ವ್ಲ್ಟಾವಾ ನದಿ ಹರಿಯುತ್ತದೆ. ಬಲದಂಡೆಯಲ್ಲಿ ಹಳೇ ಪಟ್ಟಣ, ಬಹುಮಟ್ಟಿಗೆ ಸಮತಟ್ಟು. ಎಡದಂಡೆಯಲ್ಲಿ ಮಾಲಾ ಸ್ಟ್ರಾನಾ ಎಂಬ ಹಳೆಯ ಬಡಾವಣೆ, ಅದರ ತಲೆಯ ಮೇಲೆ ಕೋಟೆ. ಈಗಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದ ರಾಜರ ಪಟ್ಟಾಭಿಷೇಕದ ಮೆರವಣಿಗೆ ಬಲದಂಡೆಯ ಪೌಡರ್ ಟವರ್ ಎಂಬ ಕಪ್ಪು ಗೋಪುರದಿಂದ ಹೊರಟು, ಹಳೇ ಪಟ್ಟಣದ ಚೌಕ ದಾಟಿ, ಚಾರ್ಲ್ಸ್ ಸೇತುವೆಯ ಮೇಲೆ ಹಾಯ್ದು, ನೆರೂಡೋವಾ ಬೀದಿಯ ಏರನ್ನು ಹತ್ತಿ ಕೋಟೆಯನ್ನು ಸೇರುತ್ತಿತ್ತು. 1836ರಲ್ಲಿ ಐದನೆಯ ಫರ್ಡಿನಾಂಡ್ ಕೊನೆಯದಾಗಿ ಇಲ್ಲಿ ಕಿರೀಟ ಧರಿಸಿದ. ಇಂದಿಗೂ ಪ್ರವಾಸಿಗರಲ್ಲಿ ಹೆಚ್ಚಿನವರು ಇದೇ ದಿಕ್ಕಿನಲ್ಲಿ ನಡೆಯುತ್ತಾರೆ. ರಾಜರಿಗೆ ಕುದುರೆಗಳಿದ್ದವು. ನನ್ನ ಜೊತೆ ಇರುವುದು ಅತ್ತೆಯ ಮೊಣಕಾಲು. ಆದ್ದರಿಂದ ನಮ್ಮ ಮೆರವಣಿಗೆ ತಿರುಗುಮುರುಗು: ಮೊದಲು ಟ್ರಾಮ್ ಹಿಡಿದು ಗುಡ್ಡದ ನೆತ್ತಿ, ಆಮೇಲೆ ದಿನವಿಡೀ ಇಳಿಜಾರು. ಇನ್ನೊಂದು ಲಾಭವೂ ಇದೆ. ದಾರಿ ಮುಗಿಯುವ ಪೌಡರ್ ಟವರ್‌ನಿಂದ ಮುಖ್ಯ ರೈಲು ನಿಲ್ದಾಣ ಕಾಲು ಗಂಟೆಯ ನಡಿಗೆ. ದಣಿದ ಹೊತ್ತಿನಲ್ಲಿ ಮೆಟ್ರೊ ಹುಡುಕುವ ಗೋಜಿಲ್ಲ.

ಎರಡನೆಯದು ವಾರ. ಶನಿವಾರ ಯಹೂದಿ ಕೇರಿಯ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಗಳು, ಸ್ಮಶಾನ, ಎಲ್ಲವೂ ಪ್ರವಾಸಿಗರಿಗೆ ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ಸಂತ ವಿಟಸ್ ಕೆಥೆಡ್ರಲ್‌ನಲ್ಲಿ ಪ್ರಾರ್ಥನೆ ನಡೆಯುವುದರಿಂದ ಮಧ್ಯಾಹ್ನದವರೆಗೆ ಒಳಗೆ ಬಿಡುವುದಿಲ್ಲ. ನಮ್ಮಂತೆ ಕೆಲಸಕ್ಕೆ ಹೋಗುವವರಿಗೆ ಸಿಗುವುದು ಈ ಎರಡೇ ದಿನ, ಆ ಎರಡರಲ್ಲೂ ಒಂದೊಂದು ಬಾಗಿಲಿಗೆ ಬೀಗ. ಸಾಧ್ಯವಾದರೆ ನಾನು ಶುಕ್ರವಾರ ರಜೆ ಹಾಕುತ್ತೇನೆ. ಆಗದಿದ್ದರೆ ಕೋಟೆಗೆ ಶನಿವಾರ, ಯಹೂದಿ ಕೇರಿಯೇ ಮುಖ್ಯವಾದವರಿಗೆ ಭಾನುವಾರ.

ಮೂರನೆಯದಕ್ಕೆ ಪ್ರತಿ ಸಲವೂ ಮನೆಯಲ್ಲಿ ಚರ್ಚೆ ಆಗುತ್ತದೆ. ಒಂದು ದಿನಕ್ಕೆ ಟಿಕೆಟ್ ಕೊಂಡು ಒಳಗೆ ಹೋಗುವುದು ಒಂದೇ ಜಾಗ. ಉಳಿದದ್ದೆಲ್ಲ ಹೊರಗಿನಿಂದ. “ಇಷ್ಟು ದೂರ ಬಂದು ಬಾಗಿಲಲ್ಲೇ ತಿರುಗಿ ಹೋಗುವುದೇನಮ್ಮಾ?” ಎಂದು ಅತ್ತೆ ಬೇಸರ ಮಾಡಿಕೊಂಡರು. ಆದರೆ ಒಳಗೆ ಹೋಗುವುದೆಂದರೆ ಸರದಿ, ಭದ್ರತಾ ತಪಾಸಣೆ, ಮೆಟ್ಟಿಲು, ಎಲ್ಲ ಸೇರಿ ಎರಡು ಗಂಟೆ ಕರಗುತ್ತದೆ. ಎರಡು ಕಡೆ ಒಳಗೆ ಹೋದರೆ ಊರನ್ನೇ ನೋಡಿದಂತಾಗುವುದಿಲ್ಲ. ಪ್ರಾಗ್‌ನ ಸೊಗಸಿರುವುದು ಹೆಚ್ಚಾಗಿ ಹೊರಗೇ, ಬೀದಿಗಳಲ್ಲಿ.

ಇನ್ನು ದಿನ ನಡೆಯುವ ಬಗೆ. ರೈಲಿನಲ್ಲಿ ಮೂಲ ಪಾಸ್‌ಪೋರ್ಟ್ ಎಲ್ಲರ ಕೈಚೀಲದಲ್ಲೂ ಇರಬೇಕು. ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಒಳಗಿನ ಪ್ರಯಾಣವಾದರೂ ಜರ್ಮನಿಯ ಗಡಿಯಲ್ಲಿ ಪೊಲೀಸರು ಬೋಗಿ ಹತ್ತಿ ನೋಡುವುದುಂಟು. ಪ್ರಾಗ್‌ನಲ್ಲಿ ಇಳಿದೊಡನೆ ಇಡೀ ದಿನದ ಟಿಕೆಟ್ ಕೊಳ್ಳುತ್ತೇನೆ. ಮೆಟ್ರೊ, ಟ್ರಾಮ್, ಬಸ್ ಮೂರಕ್ಕೂ ಒಂದೇ ಟಿಕೆಟ್. ಕಾಗದದ ಟಿಕೆಟ್ ಆದರೆ ಮೊದಲ ಪ್ರಯಾಣಕ್ಕೆ ಮುನ್ನ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಮುದ್ರೆಯಿಲ್ಲದ ಟಿಕೆಟ್ ಜೇಬಿನಲ್ಲಿದ್ದರೂ ದಂಡ ತಪ್ಪುವುದಿಲ್ಲ.

ಹಣದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ನಡೆಯುವುದು ಯೂರೊ ಅಲ್ಲ, ಕೊರೂನಾ. ಅಂಗಡಿಯವರು ಯೂರೊ ತೆಗೆದುಕೊಂಡರೂ ದರ ಅವರದು. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ, ಚಿಲ್ಲರೆ ಬೇಕಾಗುವುದು ಶೌಚಾಲಯಕ್ಕೆ. ಎಟಿಎಂ ‘ಯೂರೊಗೆ ಪರಿವರ್ತಿಸಲೇ?’ ಎಂದು ಕೇಳಿದರೆ ಬೇಡವೆನ್ನಿ, ನಿಮ್ಮ ಬ್ಯಾಂಕಿನ ದರವೇ ಸಾಮಾನ್ಯವಾಗಿ ವಾಸಿ.

ನಿಲ್ದಾಣದಿಂದ ಮೆಟ್ರೊದ ಸಿ ಮಾರ್ಗದಲ್ಲಿ ಒಂದು ನಿಲುಗಡೆ, ಮ್ಯೂಜಿಯಂ. ಅಲ್ಲಿ ಎ ಮಾರ್ಗಕ್ಕೆ ಬದಲಾಯಿಸಿ ಮಾಲೊಸ್ಟ್ರಾನ್ಸ್ಕಾದಲ್ಲಿ ಇಳಿದು 22ನೇ ಸಂಖ್ಯೆಯ ಟ್ರಾಮ್ ಹತ್ತುತ್ತೇವೆ. ಗುಡ್ಡವನ್ನು ಸುತ್ತಿಕೊಂಡು ಏರುವ ಈ ಟ್ರಾಮ್‌ನಿಂದ ಹೆಚ್ಚಿನವರು ‘ಪ್ರಾಜ್ಸ್ಕಿ ಹ್ರಾಡ್’ ಎಂಬ ಕೋಟೆಯ ನಿಲುಗಡೆಯಲ್ಲಿ ಇಳಿಯುತ್ತಾರೆ. ನಾನು ಇನ್ನೂ ಮುಂದೆ ಹೋಗಿ ಪೊಹೋರ್ಜೆಲೆಟ್ಸ್‌ನಲ್ಲಿ ಇಳಿಸುತ್ತೇನೆ. ಅಲ್ಲಿಂದ ಸ್ಟ್ರಾಹೊವ್ ಮಠ ಹತ್ತಿರ. ಮಠದ ಪಕ್ಕದ ಇಳುಕಲಿನಲ್ಲಿ ನಿಂತರೆ ಕೆಳಗೆ ಹಣ್ಣಿನ ತೋಟ, ಅದರಾಚೆ ಕೆಂಪು ಹೆಂಚಿನ ಮಾಡುಗಳು, ಗೋಪುರಗಳು, ನದಿಯ ಆಚೆಯ ದಂಡೆ. ಆ ದಿನ ನಡೆಯಬೇಕಾದ ದಾರಿಯನ್ನು ಎಲ್ಲರಿಗೂ ಬೆರಳು ಮಾಡಿ ತೋರಿಸುವುದು ಇಲ್ಲಿಯೇ. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಕಣ್ಣಿಗೆ ಬಿದ್ದಮೇಲೆ ‘ಇನ್ನೂ ಎಷ್ಟು ದೂರ?’ ಎಂಬ ಪ್ರಶ್ನೆ ಕಡಿಮೆಯಾಗುತ್ತದೆ. ಡಬ್ಬಿಯಲ್ಲಿ ತಂದ ಇಡ್ಲಿ ಮುಗಿಯುವುದೂ ಇಲ್ಲಿಯೇ.

ಲೊರೆಟಾ ಎಂಬ ಯಾತ್ರಾಸ್ಥಳದ ಮುಂದೆ ಹಾದು ಕೋಟೆಯ ಚೌಕಕ್ಕೆ ಬರುತ್ತೇವೆ, ಅಲ್ಲಿ ತಪಾಸಣೆಯ ಸಾಲು ಇರಬಹುದು. ಕೋಟೆಯ ಅಂಗಳಗಳಿಗೆ ಪ್ರವೇಶ ಉಚಿತ. ಟಿಕೆಟ್ ಬೇಕಾಗುವುದು ಒಳಗಿನ ಕಟ್ಟಡಗಳಿಗೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಅಂಗಳದಲ್ಲಿ ಕಹಳೆಯೊಂದಿಗೆ ಕಾವಲುಗಾರರ ಬದಲಾವಣೆ ನಡೆಯುತ್ತದೆ. ಅದಕ್ಕಾಗಿ ಮೊದಲೇ ಹೋಗಿ ಕಾದು ನಿಲ್ಲುವಷ್ಟು ಅದರಲ್ಲಿ ಏನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದೇ ಹೊತ್ತಿಗೆ ಜನ ಅತ್ತ ಸೇರುವುದರಿಂದ ನಾವು ಕೆಥೆಡ್ರಲ್‌ನ ಸಾಲಿಗೆ ನಿಲ್ಲುತ್ತೇವೆ.

1344ರಲ್ಲಿ ಅಡಿಗಲ್ಲು ಬಿದ್ದ ಈ ಕೆಥೆಡ್ರಲ್ ಮುಗಿದದ್ದು 1929ರಲ್ಲಿ. ಅರ್ಧ ಕಟ್ಟಿ ನಿಂತ ಗುಡಿಯನ್ನು ಬಳಸುತ್ತಲೇ ಶತಮಾನಗಳು ಕಳೆದವು. ಅದರಿಂದಾಗಿಯೇ ಬಾಗಿಲ ಕಡೆಯ ಭಾಗ ಹೊಸದು, ಒಳಗೆ ಪೂರ್ವಕ್ಕೆ ನಡೆದಂತೆ ಹಳೆಯದು. ಹೊಸ ಭಾಗದ ಎಡಗೋಡೆಯಲ್ಲಿ ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ರೂಪಿಸಿದ ಬಣ್ಣದ ಗಾಜಿನ ಕಿಟಕಿ ಇದೆ. ಬಲಗಡೆ ಸಂತ ವೆನ್ಸೆಸ್ಲಾಸ್‌ನ ಗುಡಿ, ಗೋಡೆಗೆಲ್ಲ ನಯಗೊಳಿಸಿದ ಕಲ್ಲುಗಳನ್ನು ಕೂರಿಸಿದ್ದಾರೆ. ರಾಜಮುಕುಟವಿರುವ ಕೋಣೆಗೆ ಅಲ್ಲಿಂದಲೇ ದಾರಿ, ಆ ಬಾಗಿಲಿಗೆ ಏಳು ಬೀಗಗಳು, ಏಳು ಜನರ ಕೈಯಲ್ಲಿ ಏಳು ಕೀಲಿಗಳು. ದಕ್ಷಿಣದ ಗೋಪುರಕ್ಕೆ 287 ಮೆಟ್ಟಿಲುಗಳೆಂದು ಹೇಳಿದ ಕೂಡಲೇ ನಮ್ಮ ಗುಂಪಿನಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ.

ಅದೇ ಟಿಕೆಟ್‌ನಲ್ಲಿ ಹಳೆಯ ಅರಮನೆಯೂ ಸೇರಿದೆ. 1618ರಲ್ಲಿ ಪ್ರಾಟೆಸ್ಟಂಟ್ ಪ್ರಮುಖರು ಚಕ್ರವರ್ತಿಯ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಇಲ್ಲಿನ ಕಿಟಕಿಯಿಂದ ಹೊರಗೆಸೆದರು. ಯುರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡದ್ದು ಹೀಗೆ. ಬಿದ್ದ ಮೂವರೂ ಬದುಕಿದರು. ದೇವದೂತರು ಹಿಡಿದರು ಎಂದರು ಕ್ಯಾಥೊಲಿಕರು, ಕಸದ ಗುಡ್ಡೆಯ ಮೇಲೆ ಬಿದ್ದರು ಎಂದರು ಎದುರಿನವರು. ಮಾವ ಕಿಟಕಿಯಿಂದ ಬಗ್ಗಿ ನೋಡಿ ಕಸದ ಗುಡ್ಡೆಯ ಪಕ್ಷ ಸೇರಿದರು.

ಕೋಟೆಯ ಪೂರ್ವದ ತುದಿಯಲ್ಲಿರುವ ಗೋಲ್ಡನ್ ಲೇನ್‌ಗೆ ವಯಸ್ಸಾದವರನ್ನು ಕರೆದೊಯ್ಯುವುದಿಲ್ಲ. ಪುಟ್ಟ ಪುಟ್ಟ ಮನೆಗಳ ಕಿರಿದಾದ ಓಣಿ, ತುಂಬ ನೂಕುನುಗ್ಗಲು. ಕಾಫ್ಕಾನನ್ನು ಓದಿದವರು ಬಂದಾಗ ಮಾತ್ರ ಹೋಗುತ್ತೇನೆ. 22ನೇ ಸಂಖ್ಯೆಯ ಮನೆಯಲ್ಲಿ ಅವನು 1916-17ರಲ್ಲಿ ಕುಳಿತು ಬರೆಯುತ್ತಿದ್ದ. ಆಗ ಪೂರ್ವದ ಬಾಗಿಲಿನಿಂದಲೇ ಹಳೇ ಮೆಟ್ಟಿಲುಗಳನ್ನು ಇಳಿದು ಹೋಗುವುದು ಸುಲಭ. ಉಳಿದವರೊಂದಿಗೆ ಪಶ್ಚಿಮಕ್ಕೇ ಮರಳಿ ನೆರೂಡೋವಾ ಬೀದಿಯನ್ನು ಇಳಿಯುತ್ತೇನೆ. 1770ರಲ್ಲಿ ಮನೆಗಳಿಗೆ ಸಂಖ್ಯೆ ಕೊಡುವ ಮೊದಲು ಇಲ್ಲಿ ಮನೆಗಳನ್ನು ಗುರುತಿಸುತ್ತಿದ್ದದ್ದು ಬಾಗಿಲ ಮೇಲಿನ ಚಿತ್ರಗಳಿಂದ: ಮೂರು ಪಿಟೀಲು, ಎರಡು ಸೂರ್ಯ, ಚಿನ್ನದ ಬೀಗದಕೈ. ಮಕ್ಕಳಿದ್ದರೆ ಯಾರು ಮೊದಲು ಹುಡುಕುತ್ತಾರೆಂದು ಪಂದ್ಯ ಕಟ್ಟುತ್ತೇನೆ. ದೊಡ್ಡವರಿಗೆ ಒಂದೇ ಎಚ್ಚರಿಕೆ: ಕಾಲ ಕೆಳಗೆ ನೋಡಿ. ಬೀದಿಗೆ ಹಾಸಿದ ಸಣ್ಣ ಕಲ್ಲುಗಳು ನಯವಾಗಿವೆ, ಮಳೆ ಬಂದರೆ ಜಾರುತ್ತವೆ. ಚಪ್ಪಲಿ ಬೇಡ, ಸೀರೆಯ ಕೆಳಗೆ ಬೂಟು ಚೆನ್ನಾಗಿ ಕಾಣುವುದಿಲ್ಲ ಎಂಬ ವಾದಕ್ಕೆ ನಾನು ಕಿವಿಗೊಡುವುದಿಲ್ಲ.

ಮಧ್ಯಾಹ್ನದ ಊಟ, ವಿಶ್ರಾಂತಿ ಎರಡೂ ಸೇತುವೆಯ ಬುಡದಲ್ಲಿರುವ ಕಾಂಪಾ ದ್ವೀಪದ ಉದ್ಯಾನದಲ್ಲಿ. ಒಂದು ಗಂಟೆ ಏನೂ ನೋಡುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಈ ಒಂದು ಗಂಟೆಯನ್ನು ಕದ್ದು ಇನ್ನೊಂದು ಜಾಗ ಸೇರಿಸೋಣ ಎಂದು ಯಾರಾದರೂ ಹೇಳುತ್ತಾರೆ, ಸಾಮಾನ್ಯವಾಗಿ ನನ್ನ ಯಜಮಾನರೇ. ಒಪ್ಪುವುದಿಲ್ಲ. ಸಸ್ಯಾಹಾರಿಗಳಿಗೆ ಬುತ್ತಿಯೇ ನಿಶ್ಚಿಂತೆ, ಚಪಾತಿ ಮತ್ತು ಪುಳಿಯೋಗರೆ ಸಂಜೆಯವರೆಗೂ ಕೆಡುವುದಿಲ್ಲ. ಹೋಟೆಲಿಗೇ ಹೋಗುವುದಾದರೆ ಕರಿದ ಚೀಸ್, ಅಂದರೆ ಸ್ಮಾಜೆನಿ ಸೀರ್, ಎಲ್ಲೆಡೆ ಸಿಗುತ್ತದೆ. ಬ್ರಂಬೊರಾಕ್ ಎಂಬ ಆಲೂಗಡ್ಡೆ ದೋಸೆ ರುಚಿಯಾಗಿರುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಯೇ ತಿನ್ನಬೇಕು. ಬೆಳ್ಳುಳ್ಳಿ ಸಾರಿನಲ್ಲೂ ಮಾಂಸದ ರಸ ಇರಬಹುದು. ಬೀದಿಬೀದಿಯಲ್ಲಿ ಕೋಲಿಗೆ ಹಿಟ್ಟು ಸುತ್ತಿ ಸುಡುವ ಟ್ರ್ಡೆಲ್ನಿಕ್ ಎಂಬ ಸಿಹಿಯನ್ನು ‘ಹಳೆಯ ಬೊಹೀಮಿಯಾದ ತಿನಿಸು’ ಎಂದು ಮಾರುತ್ತಾರೆ. ಪ್ರಾಗ್‌ನಲ್ಲಿ ಅದು ಹಬ್ಬಿದ್ದು ಈಚಿನ ಪ್ರವಾಸೋದ್ಯಮದ ಕಾಲದಲ್ಲಿ. ಮಕ್ಕಳಿಗೆ ಇಷ್ಟವಾದರೆ ಕೊಡಿಸಿ, ಪರಂಪರೆಯ ಹೆಸರಿನಲ್ಲಿ ಬೇಡ.

ಚಾರ್ಲ್ಸ್ ಸೇತುವೆಯಲ್ಲಿ ಮಧ್ಯಾಹ್ನ ಜನಜಂಗುಳಿ. ಖಾಲಿ ಸೇತುವೆ ಬೇಕಾದವರು ಊರಿನಲ್ಲೇ ಉಳಿದು ಸೂರ್ಯೋದಯಕ್ಕೆ ಏಳಬೇಕು, ಒಂದು ದಿನದವರಿಗೆ ಆ ಭಾಗ್ಯವಿಲ್ಲ. ರಾಜ ನಾಲ್ಕನೆಯ ಚಾರ್ಲ್ಸ್ 1357ನೇ ಇಸವಿಯ 9ನೇ ದಿನ, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಡಿಗಲ್ಲು ಇಟ್ಟನೆಂದು ಕಥೆ. ಅಂಕಿಗಳನ್ನು ಸಾಲಾಗಿ ಬರೆದರೆ 1 3 5 7 9 7 5 3 1. ಮುಹೂರ್ತ ನೋಡುವವರು ನಾವಷ್ಟೇ ಅಲ್ಲ ಎಂದು ಅತ್ತೆಗೆ ಸಮಾಧಾನವಾಯಿತು. ಮೂವತ್ತು ವಿಗ್ರಹಗಳಲ್ಲಿ ಬಹುಪಾಲು ಈಗ ಪ್ರತಿಕೃತಿಗಳು, ಮೂಲಗಳನ್ನು ಮಳೆಗಾಳಿಯಿಂದ ಉಳಿಸಲು ಒಳಗಿಟ್ಟಿದ್ದಾರೆ.

ಹಳೇ ಪಟ್ಟಣದ ಗಡಿಯಾರಕ್ಕೆ ನಾನು ಹೆಚ್ಚು ಸಮಯ ಇಡುತ್ತೇನೆ, ಆದರೆ ಗಂಟೆ ಹೊಡೆಯುವ ಹೊತ್ತಿಗಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಕಿಟಕಿ ತೆರೆದು ಕ್ರಿಸ್ತನ ಶಿಷ್ಯರ ಬೊಂಬೆಗಳು ಸುತ್ತುತ್ತವೆ, ಅಸ್ಥಿಪಂಜರವೊಂದು ಗಂಟೆ ಎಳೆಯುತ್ತದೆ. ಒಂದು ನಿಮಿಷದ ಆ ಆಟಕ್ಕೆ ಮೊಬೈಲ್ ಎತ್ತಿ ಹಿಡಿದ ನೂರಾರು ಕೈಗಳು. ಕಾಲು ಗಂಟೆ ಬಿಟ್ಟು ಹೋದರೆ ಚೌಕ ತೆರವಾಗಿರುತ್ತದೆ, ನಿಜವಾಗಿ ನೋಡಬೇಕಾದ ಮುಖಫಲಕ ಅಲ್ಲೇ ಇರುತ್ತದೆ. 1410ರ ಯಂತ್ರ ಅದು. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಷ್ಟು ಬೆಳೆದಿದ್ದಾನೆ ಎಂಬುದನ್ನೆಲ್ಲ ತೋರಿಸುತ್ತದೆ. ಚಂದ್ರನ ಗುಂಡು ಅರ್ಧ ಬೆಳ್ಳಿ, ಅರ್ಧ ಕಪ್ಪು. ಹೊರಗಿನ ಬಳೆಯಲ್ಲಿ ಹಳೆಯ ಬೊಹೀಮಿಯಾದ ಇಪ್ಪತ್ತನಾಲ್ಕು ಗಂಟೆಗಳಿವೆ, ಎಣಿಕೆ ಶುರುವಾಗುವುದು ಸೂರ್ಯಾಸ್ತದಿಂದ. ನಮ್ಮವರು ಸೂರ್ಯೋದಯದಿಂದ ಗಳಿಗೆ ಎಣಿಸಿದರೆ ಇವರು ಅಸ್ತದಿಂದ ಎಣಿಸಿದರು. ಅಸ್ತದ ವೇಳೆ ದಿನದಿನಕ್ಕೆ ಜಾರುವುದರಿಂದ ಆ ಬಳೆಯೂ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ.

ಜೂನ್ ಮೊದಲ ವಾರ ಹೋದಾಗ ಮಾವ ಬಹಳ ಹೊತ್ತು ತಲೆಯೆತ್ತಿ ನಿಂತಿದ್ದರು. ಕೊನೆಗೆ, “ತಪ್ಪು ತೋರಿಸುತ್ತಿದೆಯಮ್ಮಾ. ಸೂರ್ಯ ಇನ್ನೂ ವೃಷಭದಲ್ಲಿದ್ದಾನೆ, ಇವರು ಮಿಥುನಕ್ಕೆ ಕಳಿಸಿಬಿಟ್ಟಿದ್ದಾರೆ” ಎಂದರು. ಒಂಟಿಕೊಪ್ಪಲು ಪಂಚಾಂಗವನ್ನು ದಿನವೂ ನೋಡುವವರು ಅವರು. ಎರಡೂ ಸರಿಯೇ. ಪಶ್ಚಿಮದವರು ರಾಶಿಗಳನ್ನು ಹಗಲು ರಾತ್ರಿ ಸಮವಾಗುವ ವಸಂತ ವಿಷುವದಿಂದ ಎಣಿಸುತ್ತಾರೆ, ಅದು ಸಾಯನ. ನಮ್ಮ ಪಂಚಾಂಗ ಎಣಿಸುವುದು ನಕ್ಷತ್ರಗಳ ನೆಲೆಯಿಂದ, ಅದು ನಿರಯನ. ಎರಡರ ನಡುವೆ ಈಗ ಸುಮಾರು ಇಪ್ಪತ್ತನಾಲ್ಕು ಡಿಗ್ರಿಗಳ ಅಂತರವಿದೆ. ಅಂದಿನಿಂದ ಪಂಚಾಂಗ ಬಲ್ಲ ಹಿರಿಯರು ಯಾರು ಬಂದರೂ ಗಡಿಯಾರಕ್ಕೆ ಅರ್ಧ ಗಂಟೆ ಹೆಚ್ಚಿಗೆ ಬರೆದಿಡುತ್ತೇನೆ.

ಗಡಿಯಾರದ ಗೋಪುರದ ಬುಡದಲ್ಲೇ ನೆಲದ ಕಲ್ಲುಗಳಲ್ಲಿ ಇಪ್ಪತ್ತೇಳು ಬಿಳಿ ಶಿಲುಬೆಗಳಿವೆ. ಕೋಟೆಯ ಕಿಟಕಿಯ ಬಳಿ ಕೇಳಿದ ದಂಗೆ ಸೋತ ಮೇಲೆ, 1621ರ ಜೂನ್ 21ರಂದು ಇಪ್ಪತ್ತೇಳು ಜನ ಮುಂದಾಳುಗಳನ್ನು ಇಲ್ಲಿ ಕೊಂದರು. ಇಳಿಜಾರಿನ ಕ್ರಮದಲ್ಲಿ ನಡೆದರೆ ಕಥೆಯ ಆರಂಭ ಮೇಲೆ, ಅಂತ್ಯ ಕೆಳಗೆ, ತಾನಾಗಿಯೇ ಸರಿಹೊಂದುತ್ತದೆ.

ಓದುವ ಗೆಳತಿಯೊಬ್ಬಳು ಬಂದಾಗ ಕೋಟೆಯ ಟಿಕೆಟ್ ಬಿಟ್ಟು, ಒಳಗೆ ಹೋಗುವ ಒಂದು ಜಾಗವಾಗಿ ಯಹೂದಿ ಕೇರಿಯನ್ನು ಆರಿಸಿಕೊಂಡೆವು. ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾತ್ಸಿಗಳು ಕೊಂದ ಸುಮಾರು ಎಂಬತ್ತು ಸಾವಿರ ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ಮಹಡಿಯಲ್ಲಿ ತೆರೆಜಿನ್ ಶಿಬಿರದಲ್ಲಿದ್ದ ಮಕ್ಕಳ ಚಿತ್ರಗಳು. ಅದನ್ನು ನೋಡಿದ ಮೇಲೆ ಅಂಗಡಿ ಬೀದಿ ಸುತ್ತುವ ಮನಸ್ಸು ಇರುವುದಿಲ್ಲ, ಆದ್ದರಿಂದ ಅಂಥ ದಿನ ಅದನ್ನೇ ಕೊನೆಗಿಡಬೇಕು. ಮುಚ್ಚುವ ವೇಳೆ ನೋಡಿಕೊಂಡು ಮಿಕ್ಕದ್ದನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ.

ಚಳಿಗಾಲದಲ್ಲಿ ಈ ಕ್ರಮ ಪೂರ್ತಿ ನಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಕತ್ತಲೆ, ಕೋಟೆಯ ಕಟ್ಟಡಗಳೂ ಒಂದು ಗಂಟೆ ಮೊದಲೇ ಮುಚ್ಚುತ್ತವೆ. ಆಗ ಸ್ಟ್ರಾಹೊವ್ ಮತ್ತು ಕಾಂಪಾ ಎರಡನ್ನೂ ಕೈಬಿಟ್ಟು ನೇರ ಕೋಟೆಯ ನಿಲುಗಡೆಯಲ್ಲೇ ಇಳಿಯುತ್ತೇನೆ, ಊಟಕ್ಕೆ ಬೆಚ್ಚಗಿನ ಹೋಟೆಲು, ದೀಪ ಹತ್ತುವ ಹೊತ್ತಿಗೆ ಹಳೇ ಪಟ್ಟಣದ ಕ್ರಿಸ್‌ಮಸ್ ಸಂತೆ. ಮರಳುವ ರೈಲಿಗೆ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರುವುದು ಮಾತ್ರ ಎಲ್ಲ ಕಾಲಕ್ಕೂ ಒಂದೇ. ಅಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಫಲಕದಲ್ಲಿ ಮೂಡುವುದು ಹೊರಡಲು ಕೆಲವೇ ನಿಮಿಷಗಳಿರುವಾಗ, ಆಗ ಓಡುವ ಶಕ್ತಿ ನಮ್ಮ ಗುಂಪಿನಲ್ಲಿ ಯಾರಿಗೂ ಉಳಿದಿರುವುದಿಲ್ಲ.